ಅಡ್ಡಕಸುಬಿಗಳ ಸಾಹಿತ್ಯ ಚರಿತ್ರೆ

2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಅಪ್ಪಣೆ ಕೊಡಿಸಿದರು. ಮರುವರ್ಷ ಜುಲೈನಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಗೆ ಹಿಗ್ಗಿಸುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂತು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷರ ವಿಡಿಯೊ ಹೊರಬಿತ್ತು: 90 ಗಂಟೆ, ಭಾನುವಾರವೂ ಸೇರಿ. ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬ ಪ್ರಶ್ನೆ ಬೇರೆ. ಸವಾಲು ಕೂಗುತ್ತಿರುವವರು ದಯವಿಟ್ಟು ಗಮನಿಸಬೇಕು, ವಾರದಲ್ಲಿ ಇರುವುದೇ 168 ಗಂಟೆ. ಅದರಲ್ಲಿ ನಿದ್ದೆ, ಸ್ನಾನ, ಊಟ, ಇಎಂಐ ಚಿಂತೆ, ಸಿಲ್ಕ್ ಬೋರ್ಡ್ ಜಂಕ್ಷನ್ ಎಲ್ಲವೂ ಆಗಬೇಕು. ಹೀಗಿರುವಾಗ ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ದುಡಿಯುವ ಹುಡುಗನಿಗೆ ಒಂದು ಕಥೆ ಹೊಳೆದರೆ ಅವನು ಎಲ್ಲಿ ಬರೆಯಬೇಕು?

ಆಫೀಸಿನಲ್ಲೇ ಬರೆಯಬೇಕು. ಬರೆಯುತ್ತಲೂ ಇದ್ದಾನೆ. ಎಕ್ಸೆಲ್ ಶೀಟಿನ ಹಿಂದೆ ಒಂದು ಕಿಟಕಿ ತೆರೆದಿರುತ್ತದೆ, ಮ್ಯಾನೇಜರ್ ನಡೆದು ಬಂದಾಗ ಅದು ಮುಚ್ಚಿಕೊಳ್ಳುತ್ತದೆ. ಹದಿನೈದಿಪ್ಪತ್ತು ವರ್ಷದಿಂದ ಬೆಂಗಳೂರಿನ ಹೊರವಲಯದ ಸುದ್ದಿ ಬರೆದುಕೊಂಡು ಬಂದಿರುವ ನನ್ನಂಥವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವಾಗುವುದು ಇದನ್ನು ಕಂಪನಿಗಳು ಕಳ್ಳತನ ಎನ್ನುವಾಗ. ಯಾಕೆಂದರೆ ಈ ಕಳ್ಳತನ ಇಲ್ಲದಿದ್ದರೆ ಕನ್ನಡದಲ್ಲಿ ಪತ್ರಿಕೆಯೂ ಇರುತ್ತಿರಲಿಲ್ಲ, ರೇಡಿಯೊವೂ ಇರುತ್ತಿರಲಿಲ್ಲ, ಭಾವಗೀತೆಯಂತೂ ಇರುತ್ತಲೇ ಇರಲಿಲ್ಲ.

ಮೊದಲ ಆರೋಪಿ ಹರ್ಮನ್ ಮೋಗ್ಲಿಂಗ್. ಬಾಸೆಲ್ ಮಿಷನ್ ಅವರನ್ನು ಹಡಗು ಹತ್ತಿಸಿ ಕಳಿಸಿದ್ದು ಮತಪ್ರಚಾರಕ್ಕೆ. ಪಾದ್ರಿ ಮಹಾಶಯರು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರತಂದರು. ಇವತ್ತಿನ ಎಚ್‌ಆರ್ ಆಗಿದ್ದರೆ 'ನಿಮ್ಮ ಕೆಆರ್‌ಎಯಲ್ಲಿ ಸುದ್ದಿ ಅಚ್ಚು ಹಾಕುವುದು ಎಲ್ಲಿದೆ, ರೆವರೆಂಡ್?' ಎಂದು ಮೇಲ್ ಬರುತ್ತಿತ್ತು. ನಾವು ಮಾತ್ರ ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆ ಮಾಡಿ, ಅವರ ಹೆಸರಿನಲ್ಲಿ ಶಾಲು ಹೊದೆಸಿಕೊಳ್ಳುತ್ತೇವೆ.

ಎರಡನೆಯವರು ಎಂ.ವಿ. ಗೋಪಾಲಸ್ವಾಮಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಸಂಬಳ ಪಾಠ ಹೇಳುವುದಕ್ಕೆ. ಅವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು 'ಆಕಾಶವಾಣಿ' ಎಂದು ಕರೆದು ಪ್ರಸಾರ ಶುರುಮಾಡಿಬಿಟ್ಟರು. ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ನಿಂತಿತು. ಸಂಬಳದ ಕೆಲಸದ ಪಕ್ಕದಲ್ಲಿ ಪ್ರಸಾರ ಕೇಂದ್ರವನ್ನೇ ನಡೆಸಿದ ಮನುಷ್ಯನ ಮುಂದೆ ಊಟದ ಬಿಡುವಿನಲ್ಲಿ ನಾಲ್ಕು ಪ್ಯಾರಾ ಟೈಪ್ ಮಾಡುವ ಟೆಸ್ಟಿಂಗ್ ಎಂಜಿನಿಯರ್ ಯಾವ ಲೆಕ್ಕ?

ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ. ಹಾಸ್ಯಲೇಖಕ ರಾಶಿ ಬೆಂಗಳೂರಿನಲ್ಲಿ ವೈದ್ಯರು. ರೋಗಿಗಳ ನಾಡಿ ಹಿಡಿದ ಕೈಯಲ್ಲೇ 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಹೊರಡಿಸಿದರು, ಆರ್.ಕೆ. ಲಕ್ಷ್ಮಣ್ ಅವರಂಥ ಹುಡುಗನಿಂದ ಚಿತ್ರ ಬರೆಸಿದರು. ಮಾಸ್ತಿ ಮೈಸೂರು ಸರ್ಕಾರದ ದೊಡ್ಡ ಅಧಿಕಾರಿ; ಕಡತದ ಮೇಲೆ ಒಂದು ಹೆಸರು, ಕಥೆಯ ಕೆಳಗೆ 'ಶ್ರೀನಿವಾಸ' ಎಂಬ ಇನ್ನೊಂದು ಹೆಸರು. ಇವತ್ತಿನ ಭಾಷೆಯಲ್ಲಿ ಇದು ಫೇಕ್ ಐಡಿ. 1983ರಲ್ಲಿ ಜ್ಞಾನಪೀಠ ಬಂತು. 'ಮೈಸೂರು ಮಲ್ಲಿಗೆ'ಯ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಗುಮಾಸ್ತರು. ಅವರ ಮೇಲಧಿಕಾರಿ ಯಾರಿದ್ದರೋ, ಎಷ್ಟು ಕಟ್ಟುನಿಟ್ಟಿನ ಮನುಷ್ಯನೋ, ಅವನ ಹೆಸರು ಕರ್ನಾಟಕದಲ್ಲಿ ಒಬ್ಬರಿಗೂ ನೆನಪಿಲ್ಲ.

ನಮ್ಮ ಹೊರವಲಯದ ದೊಡ್ಡ ಉದಾಹರಣೆ ಮಾತ್ರ ಭಾವಗೀತೆಯ ಸಿ. ಅಶ್ವಥ್. ಕೆ.ಆರ್. ಪುರದ ಪಕ್ಕ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಐಟಿಐ ಇದೆಯಲ್ಲ, ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟ ಕಾರ್ಖಾನೆ, ಅದರ ನೌಕರರು ಅವರು. ಒಂದೆರಡು ವರ್ಷವಲ್ಲ, ಎರಡು ದಶಕಕ್ಕೂ ಮಿಕ್ಕಿ. ಬೆಳಿಗ್ಗೆ ಟೆಲಿಫೋನ್ ಕಂಪನಿ, ಸಂಜೆ ಶಿಶುನಾಳ ಷರೀಫ. ಕನ್ನಡಿಗರು ಬಸ್ಸಿನಲ್ಲಿ, ಮದುವೆಯಲ್ಲಿ, ಮುಷ್ಕರದಲ್ಲಿ ಹಾಡಿಕೊಳ್ಳುವ ಎಷ್ಟೋ ಧಾಟಿಗಳು ಹುಟ್ಟಿದ್ದು ಹಾಜರಿ ಹಾಕಿ ಸಂಬಳ ತೆಗೆದುಕೊಂಡ ಮನುಷ್ಯನ ಗಂಟಲಲ್ಲಿ. ಆಗ ಐಟಿಐ, ಬಿಇಎಲ್, ಎಚ್‌ಎಂಟಿ, ಎಚ್‌ಎಎಲ್ ಎಲ್ಲ ಕಡೆಯೂ ಕನ್ನಡ ಸಂಘಗಳಿದ್ದವು. ನವೆಂಬರ್ ಬಂತೆಂದರೆ ನಾಟಕದ ರಿಹರ್ಸಲ್, ಆರ್ಕೆಸ್ಟ್ರಾ, ಗೋಡೆಪತ್ರಿಕೆ. ಫಿಟ್ಟರ್ ಘಟೋತ್ಕಚನಾಗುತ್ತಿದ್ದ, ಸ್ಟೋರ್ ಕೀಪರ್ ಕೀಬೋರ್ಡ್ ನುಡಿಸುತ್ತಿದ್ದ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಒಪ್ಪಿದಾಗ ಪತ್ರಿಕೆಗಳು ನಷ್ಟದ ಲೆಕ್ಕ ಬರೆದವು. ಅದರ ಜೊತೆ ಮುಚ್ಚಿಹೋದ ಆರ್ಕೆಸ್ಟ್ರಾದ ಲೆಕ್ಕ ಯಾವ ಬಿಸಿನೆಸ್ ಪುಟದಲ್ಲೂ ಬರಲಿಲ್ಲ.

ಆಮೇಲೆ ಬಂದದ್ದು ಗಾಜಿನ ಕಟ್ಟಡ. ಅಲ್ಲೂ ಕನ್ನಡದವರು ಸುಮ್ಮನೆ ಕೂರಲಿಲ್ಲ. ಶೇಷಾದ್ರಿವಾಸು 1998ರಲ್ಲಿ 'ಬರಹ' ತಂತ್ರಾಂಶ ಕೊಟ್ಟರು, ಕೀಲಿಮಣೆಗೆ ಕನ್ನಡ ಬಂತು. ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದುಕೊಂಡೇ ವಸುಧೇಂದ್ರ ಕಥೆ ಬರೆದರು, ಸಾಲದೆಂದು 'ಛಂದ ಪುಸ್ತಕ' ಪ್ರಕಾಶನವನ್ನೂ ಕಟ್ಟಿದರು. 2006ರ ಆಸುಪಾಸಿನಲ್ಲಿ ಕ್ಯೂಬಿಕಲ್‌ಗೊಬ್ಬ ಬ್ಲಾಗಿಗ. ಆಫೀಸಿನ ಕಂಪ್ಯೂಟರಿಗೆ ಕನ್ನಡ ಹಾಕಿಸಿಕೊಳ್ಳಲು ಸಿಸ್ಟಮ್ ಅಡ್ಮಿನ್‌ನ ಕೈಕಾಲು ಹಿಡಿಯಬೇಕಿತ್ತು. ಹಾಗೆ ಹಿಡಿದು ಹಾಕಿಸಿಕೊಂಡವರು ಊರಿನ ಜಾತ್ರೆ, ಅಜ್ಜಿಯ ಹಪ್ಪಳ, ಆನ್‌ಸೈಟಿನ ಹಿಮ ಎಲ್ಲವನ್ನೂ ಬರೆದು ಗುಡ್ಡೆ ಹಾಕಿದರು. ಅದೇ ವರ್ಷದ ಜುಲೈನಲ್ಲಿ ಕೇಂದ್ರ ಸರ್ಕಾರ ಕೆಲವೇ ಕೆಲವು ಪುಟಗಳನ್ನು ಮುಚ್ಚಿ ಎಂದರೆ ಇಂಟರ್ನೆಟ್ ಕಂಪನಿಗಳು ಬ್ಲಾಗ್‌ಸ್ಪಾಟ್ ಅನ್ನೇ ಬುಡಸಮೇತ ಮುಚ್ಚಿ ಕೂತವು. ದಿನಗಟ್ಟಲೆ ಆ ಬ್ಲಾಗುಗಳನ್ನು ತೆರೆದು ಓದುವಂತಿರಲಿಲ್ಲ. ಆ ವಾರ ದೇಶದ ಸಾಫ್ಟ್‌ವೇರ್ ರಫ್ತು ಗಗನಕ್ಕೇರಿತು ಎಂದು ಯಾವ ಕಂಪನಿಯೂ ಇವತ್ತಿನವರೆಗೆ ಹೇಳಿಕೊಂಡಿಲ್ಲ.

ಈಗ 2022ಕ್ಕೆ ಬನ್ನಿ. ವಿಪ್ರೋ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಅವರು ಮೂನ್‌ಲೈಟಿಂಗ್ (ಸಂಬಳದ ಕೆಲಸದ ಜೊತೆ ಇನ್ನೊಂದು ಹೊರಗೆಲಸ) ಎಂದರೆ ಮೋಸ ಎಂದು ಆಗಸ್ಟಿನಲ್ಲಿ ಸಾರಿದರು. ಸೆಪ್ಟೆಂಬರಿನಲ್ಲಿ, ಎದುರಾಳಿ ಕಂಪನಿಗಳಿಗೆ ದುಡಿಯುತ್ತಿದ್ದ 300 ಜನ ಸಿಕ್ಕಿಬಿದ್ದರು, ಕೆಲಸದಿಂದ ತೆಗೆದೆವು ಎಂದರು. ಅದೇ ತಿಂಗಳು ಇನ್ಫೋಸಿಸ್ ಎರಡು ದೋಣಿಯಲ್ಲಿ ಕಾಲಿಡಬೇಡಿ ಎಂಬ ಅರ್ಥದ ಮೇಲ್ ಕಳಿಸಿತು. ಅಕ್ಟೋಬರಿನಲ್ಲಿ, ಮ್ಯಾನೇಜರ್ ಒಪ್ಪಿದರೆ ಸಣ್ಣಪುಟ್ಟ ಹೊರಗೆಲಸ ಮಾಡಿಕೊಳ್ಳಿ ಎಂದು ಸ್ವಲ್ಪ ಸಡಿಲಿಸಿತು. ಎದುರಾಳಿಗೆ ಕೋಡ್ ಬರೆದುಕೊಟ್ಟವನನ್ನು ತೆಗೆದರೆ ನನ್ನ ತಕರಾರಿಲ್ಲ. ಆದರೆ ಅಂದಿನಿಂದ ಕವಿತೆ ಬರೆಯುವವನೂ ಅದೇ ಸಾಲಿಗೆ ಸೇರಿದ್ದಾನೆ. ಮ್ಯಾನೇಜರ್ ಬಳಿ ಹೋಗಿ 'ಸರ್, ನನ್ನದೊಂದು ಕಥಾಸಂಕಲನ ಬರ್ತಿದೆ, ಅಪ್ರೂವಲ್ ಬೇಕು' ಎಂದು ಕೇಳಿದ ಹುಡುಗನೊಬ್ಬನಿಗೆ ಸಿಕ್ಕ ಉತ್ತರ: 'ಅದರಲ್ಲಿ ಕ್ಲೈಂಟ್ ಬಗ್ಗೆ ಏನಾದ್ರೂ ಇದ್ಯೇನಪ್ಪಾ?' ಇಲ್ಲ ಸರ್, ಎಲ್ಲ ನಮ್ಮೂರಿನ ಕಥೆ. 'ಮತ್ತೆ ಯಾರ್ ಓದ್ತಾರೆ ಅದನ್ನ?' ವಿಮರ್ಶೆಯೂ ಆಯಿತು, ಅಪ್ರೂವಲ್ಲೂ ಆಯಿತು.

ಅದೇ ಮ್ಯಾನೇಜರು, ಅವರ ಮ್ಯಾನೇಜರು, ಅವರ ಮೇಲಿನ ವೈಸ್ ಪ್ರೆಸಿಡೆಂಟು ಹಗಲು ಹೊತ್ತಿನಲ್ಲೇ ಲಿಂಕ್ಡ್‌ಇನ್‌ನಲ್ಲಿ ಬರೆಯುತ್ತಾರೆ. ಬೆಳಿಗ್ಗೆ ಆಟೊ ಡ್ರೈವರ್ ಕಲಿಸಿದ ನಾಯಕತ್ವದ ಪಾಠ, ಮಧ್ಯಾಹ್ನ ಸೋಲಿನಿಂದ ಕಲಿತದ್ದು, ಸಂಜೆ ಮಗಳ ಡ್ರಾಯಿಂಗ್‌ನಲ್ಲಿ ಕಂಡ ಸಿಕ್ಸ್ ಸಿಗ್ಮಾ. ಅದಕ್ಕೆ ಕೆಳಗಿನವರೆಲ್ಲ ಆಫೀಸ್ ಸಮಯದಲ್ಲೇ ಲೈಕ್ ಒತ್ತಬೇಕು, ಒತ್ತದಿದ್ದರೆ ಅಪ್ರೈಸಲ್‌ನಲ್ಲಿ ಗೊತ್ತಾಗುತ್ತದೆ. ನೌಕರ ಬರೆದರೆ ಕಂಪನಿಯ ಹೊತ್ತು ಹಾಳು, ಸಾಹೇಬರು ಬರೆದರೆ ಅದು ಥಾಟ್ ಲೀಡರ್‌ಶಿಪ್.

ಇನ್ನು ನಮ್ಮ ಮಾಧ್ಯಮದ ಘನಂದಾರಿ. ಬೆಳ್ಳಂದೂರಿನ ರಸ್ತೆಗುಂಡಿಯ ಬಗ್ಗೆ ಅಲ್ಲಿನವರು ವಾಚಕರ ವಾಣಿಗೆ ಬರೆದರು, ಬರೆದರು, ಬರೆಯುತ್ತಲೇ ಇದ್ದರು. 2025ರ ಸೆಪ್ಟೆಂಬರಿನಲ್ಲಿ ಕಂಪನಿಯೊಂದರ ಮುಖ್ಯಸ್ಥರು ನಾವು ಹೊರವರ್ತುಲ ರಸ್ತೆಯಿಂದ ಗಂಟುಮೂಟೆ ಕಟ್ಟುತ್ತೇವೆ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಪೋಸ್ಟ್ ಮಾಡಿದರು. ಮಂತ್ರಿಗಳು ಎದ್ದು ಕೂತರು, ಚಾನೆಲ್ಲುಗಳಲ್ಲಿ ಚರ್ಚೆ, ಪತ್ರಿಕೆಗಳಲ್ಲಿ ಮುಖಪುಟ. ಗುಂಡಿ ಅದೇ, ಬಿದ್ದವನ ಸೊಂಟವೂ ಅದೇ. ಸುದ್ದಿಯಾಗಲು ಸಿಇಒ ಬೀಳಬೇಕು. ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟಿನಲ್ಲಿ ಓಡತೊಡಗಿತಲ್ಲ, ಅದರ ನಿಲ್ದಾಣಗಳ ಹೆಸರು ನೋಡಿ: ಇನ್ಫೋಸಿಸ್ ಫೌಂಡೇಶನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ಪಾಪ, ಕೋನಪ್ಪನಿಗೆ ತನ್ನ ಅಗ್ರಹಾರದಲ್ಲೇ ಎರಡನೇ ಸಾಲು. ನಾವು ಆ ಹೆಸರುಗಳನ್ನು ಉಸಿರು ಬಿಗಿಹಿಡಿದು ಪೂರ್ತಿ ಬರೆಯುತ್ತೇವೆ, ಜಾಹೀರಾತಿನ ದರ ಕೇಳದೆ.

ಪೀಣ್ಯಕ್ಕೆ ಆ ಭಾಗ್ಯವೂ ಇಲ್ಲ. ಮೆಟ್ರೊ ಅಲ್ಲಿಗೆ 2014ರಲ್ಲೇ ಹೋಯಿತು, ಪತ್ರಕರ್ತ ಇನ್ನೂ ಹೋಗಿಲ್ಲ. ಅಲ್ಲಿನ ಶೆಡ್ಡುಗಳ ನಡುವೆ ಬೈಟು ಟೀ ಅಂಗಡಿಯಲ್ಲಿ ನಾನು ನೋಟ್‌ಬುಕ್ ತೆಗೆದರೆ ಸಾಕು, ಲೇತ್ ಆಪರೇಟರ್ ಕೇಳುತ್ತಾನೆ: 'ಏನ್ ಸಾರ್, ಯಾರ್ ಹೋಗ್ಬಿಟ್ರು?' ಯಾರೂ ಹೋಗಿಲ್ಲ ಮಾರಾಯ, ಸುಮ್ಮನೆ ಬಂದೆ. 'ಸುಮ್ಮನೆ ಯಾಕ್ ಸಾರ್ ಬರ್ತೀರಾ, ನಿಮ್ಮ್ ಟೈಮ್ ವೇಸ್ಟು.' ಬಾಯ್ಲರ್ ಸಿಡಿದರೆ, ಗೋದಾಮು ಉರಿದರೆ ಮಾತ್ರ ಪೀಣ್ಯ ನಮ್ಮ ನಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಅವನಿಗೆ ಸರಿಯಾಗಿ ಗೊತ್ತು. ಅವನು ಗಣೇಶನ ಪೆಂಡಾಲಿನಲ್ಲಿ ರಾಜ್‌ಕುಮಾರ್ ಹಾಡು ಹಾಡಿದರೆ ಬೀದಿಯೇ ನಿಲ್ಲುತ್ತದೆ. ಆ ಹಾಡು ಸುದ್ದಿಯಲ್ಲ.

ಹಾಡಿನ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈ 3ರಂದು ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, ರೇಡಿಯೊ ಸಿಟಿ. ಖಾಸಗಿ ರೇಡಿಯೊಗೆ ತನ್ನದೇ ಸುದ್ದಿ ಹೇಳುವ ಅನುಮತಿ ಇವತ್ತಿಗೂ ಇಲ್ಲ, ಆಕಾಶವಾಣಿಯ ಸುದ್ದಿಯನ್ನು ಹಾಗೇ ದಾಟಿಸಬಹುದು ಅಷ್ಟೆ. ಆದ್ದರಿಂದ ಅದು ಹಾಡು ಹಾಕುತ್ತದೆ. ನಮ್ಮ ಟಿವಿ ಚಾನೆಲ್ಲುಗಳಿಗೆ ಸುದ್ದಿ ಹೇಳಲು ಪೂರ್ತಿ ಅನುಮತಿ ಇದೆ, ಹೇಳಲು ಸುದ್ದಿ ಇಲ್ಲ. ಆದ್ದರಿಂದ ಅವೂ ಹಾಡು ಹಾಕುತ್ತವೆ. ಮಳೆ ಬಂದರೆ ಯುದ್ಧದ ನಗಾರಿ, ಯಾರಾದರೂ ಸತ್ತರೆ ಪ್ಯಾಥೋ, ಶಾಸಕರು ರೆಸಾರ್ಟ್ ಸೇರಿದರೆ ಐಟಂ ಸಾಂಗು. ಟ್ರಾಫಿಕ್ ಎಲ್ಲಿ ನಿಂತಿದೆ ಎಂದು ಹೇಳುವ ಹಕ್ಕು ರೇಡಿಯೊಗೆ ಇರುವುದರಿಂದ ನನ್ನ ಮಟ್ಟಿಗೆ ಹೊರವಲಯದ ನಂಬಿಕಸ್ಥ ಪತ್ರಕರ್ತ ಎಂದರೆ ಈಗಲೂ ಆರ್‌ಜೆ. ಅವನ ಸುದ್ದಿಯನ್ನು ಕಿಟಕಿಯಿಂದ ಇಣುಕಿ ಖಚಿತಪಡಿಸಿಕೊಳ್ಳಬಹುದು. ಅವನ ಕೇಳುಗರೆಲ್ಲ ಆ ಜಾಮಿನಲ್ಲೇ ಇರುವವರು. ಅದು ಬಿಟ್ಟುಕೊಂಡ ದಿನ ರೇಡಿಯೊ ಕೇಳುವವರೂ ಇರುವುದಿಲ್ಲ.

ಕಂಪನಿಗಳಲ್ಲೂ ಸಂಗೀತ ಉಂಟು, ಇಲ್ಲವೆನ್ನುವಂತಿಲ್ಲ. ಶುಕ್ರವಾರ ಸಂಜೆ ಫುಡ್ ಕೋರ್ಟಿನಲ್ಲಿ ಫನ್ ಅಟ್ ವರ್ಕ್. ಎಚ್‌ಆರ್ ಮೇಲ್ ಕಳಿಸಿ ಹಾಡಲು ಹೇಳುತ್ತದೆ, ಹಾಡಿದ್ದನ್ನು ವಿಡಿಯೊ ಮಾಡಿ ನೇಮಕಾತಿ ಜಾಹೀರಾತಿಗೆ ಹಾಕಿಕೊಳ್ಳುತ್ತದೆ. ಸೋಮವಾರ ಅದೇ ಹುಡುಗಿ ಹೊರಗಿನ ಕಛೇರಿಗೆ ಹಾಡಲು ಅರ್ಧ ದಿನ ರಜೆ ಕೇಳಿದರೆ ಬ್ಯಾಂಡ್‌ವಿಡ್ತ್ ಇಲ್ಲ.

ನಮ್ಮ ಪತ್ರಿಕಾಲಯಗಳು ಇದರಲ್ಲಿ ಹಿಂದೆ ಬಿದ್ದಿವೆ ಎಂದುಕೊಳ್ಳಬೇಡಿ. ಈಗಿನ ವರದಿಗಾರ ಪೇಪರಿಗೆ ಬರೆಯಬೇಕು, ವೆಬ್‌ಸೈಟಿಗೆ ಅದನ್ನೇ ಮೊದಲು ಬರೆಯಬೇಕು, ಮೊಬೈಲ್ ಎತ್ತಿ ವಿಡಿಯೊ ತೆಗೆಯಬೇಕು, ತಾನೇ ಎಡಿಟ್ ಮಾಡಿ ರೀಲ್ಸ್ ಹಾಕಬೇಕು, ವಾಟ್ಸ್‌ಆ್ಯಪ್ ಚಾನೆಲ್ಲಿಗೆ ಮೂರು ಸಾಲು ಕೊಡಬೇಕು. ಐದು ಕೆಲಸ, ಒಂದು ಸಂಬಳ. ಇದಕ್ಕೆ ಮಲ್ಟಿ ಸ್ಕಿಲ್ಲಿಂಗ್ ಎಂದು ಹೆಸರು. ಅವನೇ ಮನೆಗೆ ಹೋಗಿ ತನ್ನ ಹೆಸರಿನಲ್ಲಿ ಒಂದು ಪುಟ ಬರೆದುಕೊಂಡರೆ ಒಪ್ಪಂದದ ಉಲ್ಲಂಘನೆ. ಮಾಲೀಕ ಒಬ್ಬನಿಂದ ಐದು ಕೆಲಸ ಮಾಡಿಸಿದರೆ ದಕ್ಷತೆ, ಅವನು ಎರಡನೆಯದನ್ನು ತನಗೋಸ್ಕರ ಮಾಡಿದರೆ ದ್ರೋಹ.

ಆದ್ದರಿಂದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ನಮ್ಮ ಪತ್ರಿಕಾಲಯಗಳ ಸಮಸ್ತ ಮೇಲಧಿಕಾರಿಗಳಲ್ಲಿ ಒಂದು ವಿನಂತಿ. ಯಾವನದಾದರೂ ಪರದೆಯ ಮೂಲೆಯಲ್ಲಿ ಕನ್ನಡ ಅಕ್ಷರ ಕಂಡರೆ, ಯಾರಾದರೂ ಮೆಟ್ಟಿಲ ಬಳಿ ನಿಂತು ರಾಗ ಗುನುಗುತ್ತಿದ್ದರೆ, ಕಾಫಿ ಕುಡಿದು ಬನ್ನಿ. ಈ ಭಾಷೆಯಲ್ಲಿ ಇವತ್ತಿಗೂ ಬರೆದೇ ಹೊಟ್ಟೆ ಹೊರೆಯುವವರು, ಹಾಡಿಯೇ ಮನೆ ನಡೆಸುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಯಾರದೋ ಮಸ್ಟರ್ ರೋಲಿನಲ್ಲಿ ಸಹಿ ಹಾಕಿಯೇ ಬರೆದವರು, ಹಾಡಿದವರು. ಇಲ್ಲ, ಕಂಪನಿಯ ಒಂದೊಂದು ನಿಮಿಷಕ್ಕೂ ಲೆಕ್ಕ ಬೇಕೇ ಬೇಕು ಎನ್ನುವುದಾದರೆ ಲೆಕ್ಕ ಎರಡೂ ಕಡೆಯಿಂದ ಆಗಲಿ. ರಾತ್ರಿ ಹನ್ನೊಂದರ ಕ್ಲೈಂಟ್ ಕಾಲ್, ಭಾನುವಾರದ ವಾಟ್ಸ್‌ಆ್ಯಪ್ ಮೆಸೇಜು, ಮಾರತ್‌ಹಳ್ಳಿ ಸೇತುವೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತ ಗಂಟೆಗಳು, ಎಲ್ಲಕ್ಕೂ ಪೀಣ್ಯದ ದರದಲ್ಲಿ ಡಬಲ್ ಓಟಿ ಕೊಡಿ. ಕೊಟ್ಟಾದ ಮೇಲೆ ಕವಿತೆಗೆ ಸಂಬಳ ಮುರಿದುಕೊಳ್ಳಿ.