ವ್ಯಾಪ್ತಿ ಮೀರಿದ ಮಾತು

(‘ಸಾಡಕ್’ ಎಂದರೆ ಆಫ್ರಿಕಾದ ದಕ್ಷಿಣ ಭಾಗದ ದೇಶಗಳ ಕೂಟ. ನಮೀಬಿಯಾದ ವಿಂಡ್‌ಹುಕ್‌ನಲ್ಲಿದ್ದ ಅದರ ನ್ಯಾಯಮಂಡಳಿಯ ಜೊತೆ ಹೀಗೊಂದು ಮಾತುಕತೆ.)

ನಾಲ್ಕು ಮಾತು ಕೇಳಬಹುದೇ?

ತಾವು ದೇಶವೋ, ಮನುಷ್ಯರೋ? ದೇಶ-ದೇಶಗಳ ನಡುವಿನ ಜಗಳವಾದರೆ ಮಾತ್ರ ನನ್ನ ಬಳಿ ಬರಬೇಕೆಂದು 2014ರ ಹೊಸ ಪ್ರೋಟೊಕಾಲ್‌ನಲ್ಲಿ ಬರೆದಿಟ್ಟಿದ್ದಾರೆ. ಹೋಗಲಿ, ಕೇಳಿ. ಹೇಗೂ ಕೆಲಸವಿಲ್ಲ.

ನಿಮ್ಮ ಮೇಲೆ ಜಿಂಬಾಬ್ವೆಯ ತಕರಾರು ಏನಿತ್ತು?

2007ರಲ್ಲಿ ಮೈಕ್ ಕ್ಯಾಂಬೆಲ್ ಎಂಬ ಅಲ್ಲಿನ ಬಿಳಿಯ ರೈತರು ಸರ್ಕಾರದ ಕೈಗೆ ಜಮೀನು ಹೋಯಿತೆಂದು ಬಂದರು. ಆಮೇಲೆ ಇನ್ನೂ 77 ಅರ್ಜಿದಾರರು ಸೇರಿಕೊಂಡರು. ‘ಮೊದಲು ನಮ್ಮ ದೇಶದ ಕೋರ್ಟಿನಲ್ಲಿ ಮುಗಿಸಿಕೊಳ್ಳಲಿ’ ಅಂದಿತು ಸರ್ಕಾರ. ಹೀಗೆ ಹೋದ ಜಮೀನಿನ ವಿಷಯಕ್ಕೆ ಯಾರೂ ಕೋರ್ಟು ಹತ್ತಬಾರದೆಂದು 2005ರಲ್ಲೇ ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದದ್ದೂ ಅದೇ ಸರ್ಕಾರ! ಆಮೇಲೆ, ಸಾಡಕ್ ಒಪ್ಪಂದದಲ್ಲಿ ಮಾನವ ಹಕ್ಕು ಬರೀ ಆಶಯ, ಅದನ್ನು ಹಿಡಿದು ತೀರ್ಪು ಕೊಡುವಂತಿಲ್ಲ ಅಂದರು. ಮಾನವ ಹಕ್ಕು ಪಾಲಿಸಬೇಕೆನ್ನುವ ಅದೇ ಒಪ್ಪಂದದ 4ನೇ ವಿಧಿ ತೋರಿಸಿದೆ. 2008ರ ನವೆಂಬರ್ 28ರಂದು ರೈತರ ಪರ ತೀರ್ಪೂ ಕೊಟ್ಟೆ.

ಆ ಜಮೀನು ಮೂಲದಲ್ಲಿ ಕರಿಯರಿಂದ ಕಸಿದದ್ದಲ್ಲವೇ?

ಅಲ್ಲವೆಂದು ಯಾರು ಹೇಳಿದರು? ನಿಜವಾಗಿ ಬಡವರಿಗೇ ಹಂಚಿ, ನ್ಯಾಯವಾದ ಪರಿಹಾರ ಕೊಟ್ಟು, ಮಾನದಂಡವೂ ಸರಿಯಿದ್ದಿದ್ದರೆ ಅದು ತಾರತಮ್ಯವೇ ಆಗುತ್ತಿರಲಿಲ್ಲ ಅಂತ ತೀರ್ಪಿನಲ್ಲೇ ಇದೆ. ಆ ಪುಟ ಓದುವವರು ಕಡಿಮೆ.

ಸೋತ ಮೇಲೆ?

ನೆಲ ಡೊಂಕಾಯಿತು. 2009ರಲ್ಲಿ ಹೊಸ ಶೋಧ: ನನ್ನ ಮೂಲ ಪ್ರೋಟೊಕಾಲ್‌ಗೆ ಮೂರನೇ ಎರಡರಷ್ಟು ದೇಶಗಳ ಅನುಮೋದನೆ ಸಿಕ್ಕಿಲ್ಲವಂತೆ. ಅಂದರೆ ನಾನು ಹುಟ್ಟೇ ಇಲ್ಲ! ಹುಟ್ಟದೇ ಇರುವ ನನ್ನ ಮುಂದೆ ವಕೀಲರನ್ನು ನಿಲ್ಲಿಸಿ ವಾದ ಮಾಡಿಸಿದ್ದೇಕೆ? ಪೀಠಕ್ಕೆ ತಮ್ಮ ಕಡೆಯ ನ್ಯಾಯಾಧೀಶರನ್ನು ಕಳಿಸಿದ್ದೇಕೆ? ಹರಾರೆಯ ಹೈಕೋರ್ಟು ಕೂಡ 2010ರ ಜನವರಿಯಲ್ಲಿ ‘ಮಂಡಳಿಗೆ ವ್ಯಾಪ್ತಿ ಇದೆ’ ಅಂದಿತು. ಅಂದು, ಸಾರ್ವಜನಿಕ ನೀತಿಗೆ ವಿರುದ್ಧವೆಂದು ತೀರ್ಪನ್ನು ಮಾತ್ರ ಜಾರಿಗೆ ಬಿಡಲಿಲ್ಲ. ಎಲೆ ಹಾಕಿ ಊಟ ಬಡಿಸದ ಹಾಗೆ.

ಉಳಿದ ದೇಶಗಳು ನಿಮ್ಮ ಪರ ನಿಲ್ಲಲಿಲ್ಲವೇ?

ಯಾಕೆ ನಿಲ್ಲುತ್ತಾರೆ? ಇವತ್ತು ಜಿಂಬಾಬ್ವೆ, ನಾಳೆ ತಾವು. 2010ರ ಆಗಸ್ಟ್‌ನ ಶೃಂಗಸಭೆಯಲ್ಲಿ ‘ಪರಿಶೀಲನೆ’ ಎಂಬ ಸಭ್ಯ ಪದ ಬಳಸಿ, ಹೊಸ ಕೇಸು ತಗೋಬೇಡಿ ಅಂದರು.

2018ರಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ, 2014ರ ಆ ಹೊಸ ಪ್ರೋಟೊಕಾಲ್‌ಗೆ ತಮ್ಮ ಅಧ್ಯಕ್ಷರು ಸಹಿ ಹಾಕಿದ್ದೇ ಅಸಾಂವಿಧಾನಿಕ ಅಂದಿತಲ್ಲ?

ಸಂತೋಷ. ಅದು ಅವರ ಅಧ್ಯಕ್ಷರಿಗೆ ಹೇಳಿದ ಮಾತು.

ಮಿಕ್ಕ ದೇಶಗಳ ಮೇಲೂ ನೀವೇ ಒಂದು ದಾವೆ ಹೂಡಬಾರದೇ?

ಯಾವ ಕೋರ್ಟಿನಲ್ಲಿ? ಆ ದೇಶಗಳ ಮೇಲಿನ ದೂರು ಕೇಳಲು ಇದ್ದದ್ದು ನಾನೇ.