ಓಣಿಯ ಸಮಸ್ತ ಕೋಳಿ ಡಾಕ್ಟರರಿಗೆ ಒಂದು ಬಹಿರಂಗ ಪತ್ರ

ನಿಪ್ಪಾಣಿಯ ನಮ್ಮ ಓಣಿಯ ಮಾನ್ಯ ಕಾಕಾಗಳೇ, ಮಾವಶಿಗಳೇ, ಕಟ್ಟೆಯ ಮೇಲಿನ ಪಂಡಿತರೇ,

ನಮ್ಮ ಗಿರಿರಾಜ ತಳಿಯ ಹ್ಯಾಟಿ ಎಡಗಾಲು ಎತ್ತಿ ನಡೆಯತೊಡಗಿದ ಸುದ್ದಿ ಮನೆಯವರಿಗಿಂತ ಮೊದಲು ನಿಮಗೆ ಮುಟ್ಟಿತ್ತು. ನಾನು ಹಿತ್ತಲಿಗೆ ಹೋಗುವಷ್ಟರಲ್ಲಿ ಗೋಡೆಯ ಮೇಲೆ ನಾಲ್ಕು ತಲೆ, ನಾಲ್ಕು ರೋಗ. "ವಾತ ಹೊಡದೈತ್ರಿ" ಎಂದವರು ಒಬ್ಬರು. "ಎಲುಬ ಮುರದೈತಿ, ಬಿದರಿನ ಕಡ್ಡಿ ಕಟ್ರಿ" ಎಂದವರು ಇನ್ನೊಬ್ಬರು. ಮೂರನೆಯವರು ಉಪ್ಪು ಮೆಣಸಿನಕಾಯಿ ನಿವಾಳಿಸಲು ಹೇಳಿದರು. ನಾಲ್ಕನೆಯವರಿಗೆ ರೋಗದ ಹೆಸರು ಬೇಕಿರಲಿಲ್ಲ, ಸಂಜೆಯ ಅಡುಗೆ ಏನೆಂದು ಗೊತ್ತಾದರೆ ಸಾಕಿತ್ತು.

ಈ ನಾಲ್ಕನೆಯ ಮತಕ್ಕೆ ನಮ್ಮೂರಲ್ಲಿ ಸಿಗುವ ಬೆಂಬಲ ಕಂಡು ನನಗೆ ಗೌರವ ಹೆಚ್ಚಿದೆ. ಗಡಿ ವಿವಾದದ 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದಿತು, ಊರು ಕರ್ನಾಟಕದಲ್ಲೇ ಉಳಿಯಿತು, ವಾದ ಇನ್ನೂ ಮುಗಿದಿಲ್ಲ. ಆದರೆ ಕುಂಟುವ ಕೋಳಿಯ ಮುಂದೆ ಕನ್ನಡದವರೂ ಮರಾಠಿಯವರೂ ಒಂದೇ ದನಿಯಲ್ಲಿ ಹೇಳುವ ಮಾತು: ರಸ್ಸಾ ಮಾಡಿ.

ನಿಮ್ಮ ಪಾಂಡಿತ್ಯದಲ್ಲಿ ಒಂದೇ ಒಂದು ಕೊರತೆ. ಇಷ್ಟು ಜನರಲ್ಲಿ ಒಬ್ಬರಾದರೂ ಆ ಹ್ಯಾಟಿಯನ್ನು ಹಿಡಿದು ಅಂಗಾಲು ನೋಡಲಿಲ್ಲ. ನಿಮ್ಮ ಕಾಲು ಹಿಡಿಯುತ್ತೇನೆ, ಔಷಧ ಹೇಳುವ ಮುನ್ನ ಕೋಳಿಯ ಕಾಲನ್ನೂ ಒಮ್ಮೆ ಹಿಡಿಯಿರಿ. ಹಗಲಲ್ಲಿ ಹಿತ್ತಲ ತುಂಬ ಬೆನ್ನಟ್ಟಿದರೆ ನಿಮಗೆ ದಮ್ಮು, ಅದಕ್ಕೆ ಗಾಬರಿ. ಕತ್ತಲಾಗಿ ಗೂಡು ಸೇರಿದ ಮೇಲೆ ಮೆಲ್ಲಗೆ ಎತ್ತಿ, ರೆಕ್ಕೆ ಸೇರಿಸಿ ಟವೆಲ್ ಸುತ್ತಿ, ಬಗಲಲ್ಲಿ ಇಟ್ಟುಕೊಂಡರೆ ಸುಮ್ಮನೆ ಕೂಡುತ್ತದೆ. ಎರಡೂ ಕಾಲನ್ನು ಜೊತೆಗೆ ಮುಟ್ಟಿ ನೋಡಬೇಕು: ಯಾವುದು ಬಿಸಿ, ಯಾವುದು ದಪ್ಪ, ಎಲ್ಲಿ ಒತ್ತಿದರೆ ಎಳೆದುಕೊಳ್ಳುತ್ತದೆ. ತೊಡೆಯಿಂದ ಶುರುಮಾಡಿ ಬೆರಳಿನ ಸಂದಿಗೆ ಮುಗಿಸಿ. (ಹಿಂದಕ್ಕೆ ಬಾಗಿದ ಆ ಕೀಲನ್ನು ನೀವು ಮೊಣಕಾಲು ಅನ್ನುತ್ತೀರಿ. ಅದು ಹಿಮ್ಮಡಿಯ ಕೀಲು. ಮೊಣಕಾಲು ಮೇಲೆ ಪುಕ್ಕದೊಳಗೆ ಇರುತ್ತದೆ. ಬಿದಿರಿನ ಕಡ್ಡಿ ಕಟ್ಟುವವರು ಗಮನಿಸಬೇಕು.)

ಹಾಗೆ ನೋಡಿದಾಗ ನಮ್ಮ ಹ್ಯಾಟಿಯ ವಾತ, ಮುರಿತ, ದೃಷ್ಟಿ ಮೂರೂ ಒಂದೇ ಕಡೆ ಸಿಕ್ಕವು. ನಡುಬೆರಳಿನ ಬುಡದಲ್ಲಿ ಬೀಡಿ ದಾರ. ಮೊರದ ಮೇಲೆ ಎಲೆ, ಜರದಾ ಇಟ್ಟುಕೊಂಡು ಮನೆ ಮನೆಯಲ್ಲಿ ಬೀಡಿ ಕಟ್ಟುವ ಊರು ನಮ್ಮದು. ಗಂಟು ಹಾಕಿ ಹರಿದ ದಾರದ ತುಂಡುಗಳು ಅಂಗಳಕ್ಕೆ ಬೀಳುತ್ತವೆ, ಕೋಳಿ ಕೆದರುವುದೂ ಅಲ್ಲೇ. ಎಳೆ ಒಮ್ಮೆ ಬೆರಳಿಗೆ ಸುತ್ತಿಕೊಂಡರೆ ಕೆದರಿದಷ್ಟೂ ಬಿಗಿಯುತ್ತದೆ. ದಾರದ ಗೆರೆಯ ಈಚೆ ಸಪೂರ, ಆಚೆ ಬಾವು. ದಾರ ಮಾಂಸದೊಳಗೆ ಇಳಿದು ಕಾಣದಂತಾಗಿರುತ್ತದೆ, ಕಾಣುವುದು ಬರೀ ಒಂದು ತೆಗ್ಗು. ಬೆರಳು ಇನ್ನೂ ಬೆಚ್ಚಗಿದ್ದರೆ ರಕ್ತ ಹರಿಯುತ್ತಿದೆ ಎಂದು ತಿಳಿಯಬೇಕು. ತಣ್ಣಗಾಗಿ ಕಪ್ಪಾದರೆ ಆ ಬೆರಳು ಒಣಗಿ ಉದುರುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಕಾಲು ನೆನೆಸಿ, ಮೊಂಡು ಸೂಜಿಯಿಂದ ಎಳೆಯನ್ನು ಎತ್ತಿ, ಎಲೆ ಕತ್ತರಿಸುವ ಕತ್ತರಿಯ ತುದಿಯಿಂದಲೇ ಸುತ್ತು ಸುತ್ತಾಗಿ ಕತ್ತರಿಸಿ ತೆಗೆದೆವು. ಪೊವಿಡೋನ್ ಅಯೋಡಿನ್ ಹಚ್ಚಿ, ಒಣ ಹುಲ್ಲಿನ ಮೇಲೆ ಬೇರೆ ಬಿಟ್ಟೆವು.

ಗಾಯಕ್ಕೆ ತಂಬಾಕಿನ ಪುಡಿ ಮೆತ್ತಲು ಓಡಿ ಬಂದ ಕಾಕಾ ಅವರ ಊರಭಿಮಾನಕ್ಕೆ ಕೈಮುಗಿಯುತ್ತೇನೆ. ಹೇನಿಗೆಂದು ಗೂಡಿನಲ್ಲಿ ತಂಬಾಕಿನ ದಂಟು ಇಡುವ ಹಳಬರ ರೂಢಿಗೆ ಅರ್ಥವಿದೆ, ನಿಕೋಟಿನ್ ಹುಳುಗಳಿಗೆ ವಿಷ. ಅದೇ ವಿಷ ಹಸಿ ಗಾಯದಿಂದ ಕೋಳಿಯ ರಕ್ತಕ್ಕೂ ಇಳಿಯುತ್ತದೆ. ತಮ್ಮ ಮಂಡಿನೋವಿನ ಡೈಕ್ಲೋಫೆನಾಕ್ ಗುಳಿಗೆಯಲ್ಲಿ ಅರ್ಧ ಮುರಿದು ಕೊಟ್ಟ ಮಾವಶಿಯ ಉದಾರತೆಯೂ ದೊಡ್ಡದು. ಆ ಔಷಧ ಕೊಟ್ಟ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 2006ರಲ್ಲಿ ಸರ್ಕಾರ ಅದನ್ನು ಜಾನುವಾರುಗಳಿಗೆ ಕೊಡದಂತೆ ನಿಷೇಧಿಸಿತು. ಕೋಳಿಯ ಮೂತ್ರಪಿಂಡಕ್ಕೂ ಅದರಿಂದ ಹಾನಿಯೇ. ಗುಳಿಗೆ ಕಪಾಟಿನಲ್ಲಿದೆ, ತೆಗೆದುಕೊಂಡು ಹೋಗಬಹುದು.

ಎಲ್ಲ ಕುಂಟೂ ದಾರದ್ದಲ್ಲ ಎಂದು ನೀವು ಪಾಟೀಸವಾಲು ಹಾಕುವುದು ಗೊತ್ತು. ಒಪ್ಪಿದೆ. ಗಿರಿರಾಜದಂಥ ಭಾರದ ಕೋಳಿ ಗೋಡೆಯಿಂದ ಕಲ್ಲಿನ ಮೇಲೆ ಧುಮುಕಿದರೆ ಅಂಗಾಲು ಒಡೆದು, ಸ್ಟೆಫಿಲೊಕಾಕಸ್ ಸೋಂಕು ಸೇರಿ, ನಡುವೆ ಕಪ್ಪು ಹಕ್ಕಳೆ ಕಟ್ಟುತ್ತದೆ. ಅದನ್ನು ಹಿಚುಕಬೇಡಿ. ಕೋಳಿಯ ಕೀವು ಹರಿಯುವುದಿಲ್ಲ, ಗಡ್ಡೆಯಾಗಿ ಕೂತಿರುತ್ತದೆ. ಶುರುವಿನಲ್ಲಾದರೆ ಬಿಸಿ ಉಪ್ಪುನೀರು, ಅಯೋಡಿನ್, ಶುದ್ಧ ಪಟ್ಟಿ, ತಗ್ಗಿನಲ್ಲಿ ಕೂಡುವ ಗಳ ಸಾಕು. ಬಲಿತಿದ್ದರೆ ಡಾಕ್ಟರೇ ಕುಯ್ದು ತೆಗೆಯಬೇಕು. ಮರಿಗಳ ಬೆರಳು ಮುಷ್ಟಿಯಂತೆ ಒಳಗೆ ಮುದುಡಿದ್ದರೆ ರೈಬೋಫ್ಲೇವಿನ್ ಕೊರತೆ ಇರಬಹುದು, ಬೇಗ ಕೊಟ್ಟರೆ ಬಿ ಕಾಂಪ್ಲೆಕ್ಸ್ ಕೆಲಸ ಮಾಡುತ್ತದೆ. ಎಳೆಯ ಕೋಳಿ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದಿದ್ದರೆ ಮಾರೆಕ್ಸ್ ರೋಗದ ಶಂಕೆ. ಹಂಗೇರಿಯ ಯೋಜೆಫ್ ಮಾರೆಕ್ 1907ರಲ್ಲೇ ವಿವರಿಸಿದ ಆ ರೋಗಕ್ಕೆ ಇಂದಿಗೂ ಔಷಧವಿಲ್ಲ, ಮರಿ ಹುಟ್ಟಿದ ದಿನ ಹಾಕುವ ಲಸಿಕೆಯೊಂದೇ. ಇನ್ನು ಕುಂಟಿನ ಜೊತೆ ಕತ್ತು ತಿರುಚಿ, ಹಸಿರು ಹಿಕ್ಕೆ ಹಾಕಿ, ಒಂದರ ಹಿಂದೊಂದು ಕೋಳಿ ಬಿದ್ದರೆ ಅದು ರಾಣಿಖೇತ ರೋಗ ಇದ್ದೀತು. ಆಗ ಕಟ್ಟೆ ಬಿಟ್ಟು ಏಳಿ, ಸರ್ಕಾರಿ ಪಶು ಆಸ್ಪತ್ರೆಗೆ ಹೇಳಿ, ಅಥವಾ 1962ಕ್ಕೆ ಫೋನ್ ಮಾಡಿ. ಆ ದಿನ ನಿಮ್ಮ ನಾಲ್ಕೂ ಮತಗಳಿಗೆ ರಜೆ.

ಇಂತಿ ನಿಮ್ಮ ಚಿಕಿತ್ಸೆಯಿಂದ ಪಾರಾದ ಹ್ಯಾಟಿಯ ಪರವಾಗಿ,
ಹಿತ್ತಲ ಮನೆಯವ

ತಾ.ಕ.: ಮಸಾಲೆ ಅರೆದು ಇಟ್ಟುಕೊಂಡವರು ಚೆಲ್ಲಬೇಡಿ. ಮುಳಗಾಯಿ ಎಣಗಾಯಿಗೂ ನಡೆಯುತ್ತದೆ.