ಸೊಟ್ಟಗಿದ್ದರೇ ಸರಿ

'ಸ್ಟಾರ್ ವಾರ್ಸ್' (1977) ಚಿತ್ರದ ಗಗನನೌಕೆ ಮಿಲೇನಿಯಮ್ ಫಾಲ್ಕನ್ ಅಸಲಿಗೆ ಸುಮಾರು 5 ಅಡಿಯ ಮಾದರಿ. ಕ್ಯಾಲಿಫೋರ್ನಿಯಾದ ಕುಶಲಕರ್ಮಿಗಳು ಯುದ್ಧ ಟ್ಯಾಂಕು, ರೇಸ್ ಕಾರುಗಳ ಪುಟ್ಟ ಮಾದರಿ ಜೋಡಿಸುವ ಪ್ಲಾಸ್ಟಿಕ್ ಕಿಟ್ ರಾಶಿ ತಂದು, ಒಪ್ಪುವ ಚೂರನ್ನೆಲ್ಲ ಅದರ ಮೈಗೆ ಅಂಟಿಸಿದರು. ತೆರೆಯ ಮೇಲೆ ಅದೇ ಮಹಾಯಂತ್ರ!

ಅದರ ಪಡಿಯಚ್ಚು ಮಾಡುವ ಭಕ್ತರ ಪಾಡು ನೋಡಿ. ಯಾವ ಚೂರು ಯಾವ ಟ್ಯಾಂಕಿನದೆಂದು ಹಳೆಯ ಫೋಟೊಗಳಿಗೆ ಭೂತಗನ್ನಡಿ ಹಿಡಿಯಬೇಕು. ಆ ಕಿಟ್ ಅಂಗಡಿಯಿಂದ ಮಾಯವಾಗಿ ಎಷ್ಟೋ ಕಾಲವಾಗಿರುತ್ತದೆ. ಸಿಕ್ಕರೆ ಬಾಯಿಗೆ ಬಂದ ಬೆಲೆ. ಇಡೀ ಟ್ಯಾಂಕು ಕೊಂಡು, ಬೇಕಾದ ಒಂದೇ ಚೂರು ಕಿತ್ತು, ಉಳಿದದ್ದನ್ನು ಮನೆಯವರ ಕಣ್ಣಿಗೆ ಬೀಳದಂತೆ ಅಡಗಿಸಬೇಕು. ಮೂಲದವನು ಗಡಿಬಿಡಿಯಲ್ಲಿ ಸೊಟ್ಟಗೆ ಅಂಟಿಸಿದ್ದರೆ, ಇವರು ಅಳತೆಪಟ್ಟಿ ಹಿಡಿದು ಅಷ್ಟೇ ಸೊಟ್ಟಗೆ ಅಂಟಿಸುತ್ತಾರೆ. ನೆಟ್ಟಗಾದರೆ ತಪ್ಪು!

1980ರಲ್ಲಿ ಬಂದ ಮುಂದಿನ ಚಿತ್ರಕ್ಕೆ 32 ಅಂಗುಲದ ಇನ್ನೊಂದು ಮಾದರಿ ಮಾಡಿದರು. ವಿವರಗಳು ಮೊದಲಿನಂತಿಲ್ಲ. ಅಂದರೆ, ಇನ್ನಷ್ಟು ಟ್ಯಾಂಕು.